‘ಪಟಿಂಗತನ’: ಒಂದು ಪದದ ವಿಮರ್ಶೆ

ಎಫೆಸದವರಿಗೆ ಬರೆದ ಪತ್ರಿಕೆಯ 5:18ರಲ್ಲಿ ಮದ್ಯಪಾನದ ಫಲವನ್ನು ಹೆಸರಿಸಲು ಬಳಸಿರುವ ಗ್ರೀಕ್ ಪದ ‘ಅಸೋತಿಯ’. ನಮ್ಮ ಸತ್ಯವೇದವು ಅದನ್ನು ‘ಪಟಿಂಗತನ’ ಎಂದಿದೆ. ಕೆಲವು ಇಂಗ್ಲಿಷ್ ಭಾಷಾಂತರಗಳು ‘ಡೆಬಾಚರಿ’ ಎಂದಿವೆ. ಈ ಮೂರೂ ಒಂದೇ ಎಂದೆಣಿಸಿ ಪ್ರಸಂಗ ಮಾಡುವ ರೂಢಿಯನ್ನು ನಾವು ಇಲ್ಲಿ ಪರೀಕ್ಷಿಸಬಯಸುತ್ತೇವೆ.

‘ಅಸೋತಿಯ’ ಎಂಬುದು ‘ರಕ್ಷಿಸು, ಉಳಿಸು’ ಎಂಬ ಧಾತುವಿಗೆ ನಿಷೇಧಾರ್ಥಕ ಸೇರಿ ಆದ ಪದ: ಏನನ್ನೂ ಉಳಿಸದ, ತಾನೂ ಉಳಿಯಲಾರದ ಬದುಕು. ಲೂಕ 15:13ರಲ್ಲಿ ಕಿರಿಯ ಮಗನ ಜೀವನವನ್ನು ವರ್ಣಿಸುವುದೂ ಇದೇ ಮೂಲದ ಪದ. ಅಲ್ಲಿ ಹಾಳಾದದ್ದು ಆಸ್ತಿ. ಸ್ತ್ರೀಯರ ಪ್ರಸ್ತಾಪವೇ ಇಲ್ಲ. ವೇಶ್ಯೆಯರ ಮಾತು ಬರುವುದು 30ನೆಯ ವಚನದಲ್ಲಿ, ಮನೆಯೊಳಗೆ ಬರಲೊಲ್ಲದ ಹಿರಿಯ ಮಗನ ಬಾಯಿಂದ. ಎಷ್ಟೋ ಪ್ರಸಂಗಗಳು ಅವನ ವ್ಯಾಖ್ಯಾನವನ್ನೇ ಕಥೆಯ ಸಾರವೆಂದು ಸಾರಿವೆ.

ಇಂಗ್ಲಿಷ್ ಪದ ಬಂದ ದಾರಿ ಬೇರೆ. ಫ್ರೆಂಚಿನ ‘ದೆಬೋಶೆ’ ಎಂದರೆ ಒಬ್ಬನನ್ನು ಪುಸಲಾಯಿಸಿ ಕೆಲಸದಿಂದ, ಕರ್ತವ್ಯದಿಂದ ಸೆಳೆದೊಯ್ಯುವುದು. ಅದರ ಮೂಲಧಾತುವಿನ ಬಗ್ಗೆ ವಿದ್ವಾಂಸರಲ್ಲಿ ಏಕಮತವಿಲ್ಲ. ಆದರೆ ಅದರ ಜೋಡಿಪದ ‘ಆಂಬೋಶೆ’ ಇಂದಿಗೂ ಕೆಲಸಕ್ಕೆ ಸೇರಿಸಿಕೊಳ್ಳುವುದು ಎಂಬ ಅರ್ಥದಲ್ಲಿದೆ. ಇಳಕಲ್ಲಿನ ನೇಕಾರನೊಬ್ಬನನ್ನು ಮಗ್ಗದಿಂದ ಎಬ್ಬಿಸಿ ಸೆರೆಯಂಗಡಿಗೆ ಕರೆದೊಯ್ದರೆ, ಈ ಅರ್ಥದಂತೆ ಕ್ರಿಯೆಯ ಕರ್ತೃ ನೇಕಾರನಲ್ಲ, ಕರೆದೊಯ್ದವನು. ‘ಪಟಿಂಗತನ’ದಲ್ಲಿ ಈ ಎರಡನೆಯವನು ಕಾಣುವುದೇ ಇಲ್ಲ.

ಇದು ಬರಿಯ ನಿಘಂಟಿನ ಚರ್ಚೆಯಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ ಸೀಮೆಯಲ್ಲಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ದಲಿತ ಸ್ತ್ರೀಯರಿದ್ದಾರೆ; ಎಳವೆಯಲ್ಲಿಯೇ ಇತರರು ನಿಶ್ಚಯಿಸಿದ ಬದುಕು ಅವರದು. 1934ರ ಮುಂಬಯಿ ಕಾಯಿದೆಯೂ 1982ರ ಕರ್ನಾಟಕ ಕಾಯಿದೆಯೂ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದವು. ಹೆತ್ತವರೋ ಪಾಲಕರೋ ಸಮರ್ಪಿಸಿದರೆ ಎರಡನೆಯದು ಹೆಚ್ಚಿನ ಶಿಕ್ಷೆಯನ್ನು ವಿಧಿಸಿತು. ಒಯ್ದವರು ಯಾರು ಎಂದು ಕಾನೂನು ಕೇಳಿದೆ. ಅಂಥ ಸ್ತ್ರೀಯನ್ನೇ ಪಟಿಂಗತನಕ್ಕೆ ದೃಷ್ಟಾಂತವಾಗಿಸುವ ಬೋಧಕನು ಅದನ್ನು ಕೇಳಿಲ್ಲ.

ವ್ಯುತ್ಪತ್ತಿಯ ಮೇಲೆ ಸಿದ್ಧಾಂತ ಕಟ್ಟಲಾಗದು. ಪತ್ರಿಕೆಯ ಭಾಷೆ ಫ್ರೆಂಚ್ ಅಲ್ಲ. ಕಿರಿಯ ಮಗನೂ ಯಾರೂ ಕರೆಯದೆ ತಾನೇ ಹೊರಟವನು. ಅವನ ಹೊಣೆಯನ್ನು ಪದಚರಿತ್ರೆ ಇಳಿಸದು. ಆದರೆ ತಾನಾಗಿ ಹೋದವನಿಗೂ ಒಯ್ಯಲ್ಪಟ್ಟವಳಿಗೂ ಒಂದೇ ಹೆಸರು ಸಲ್ಲದು. ಉಳಿಯಲಾರದೆಂದು ಗ್ರೀಕ್ ಪದ ಹೆಸರಿಟ್ಟ ಬದುಕೂ ಆ ಸಾಮ್ಯದ ಕೊನೆಯಲ್ಲಿ ತಂದೆಗೆ ಸಿಕ್ಕಿತು. ಹೋದವನಿಗೇ ಬಾಗಿಲು ತೆರೆದಿರುವಾಗ, ಒಯ್ಯಲ್ಪಟ್ಟವಳ ಮುಂದೆ ಹಿರಿಯ ಮಗನಂತೆ ಮಾತಾಡುವ ಅಧಿಕಾರ ಸಭಾಪಾಲಕರಾದ ನಮಗಿಲ್ಲ.