ವಚನದ ಪದ: ಭಾವವೂ ನೆನಪೂ

ವಚನಗಳ ಅರ್ಥವಿವರಣೆಯಲ್ಲಿ ನಮ್ಮ ಟೀಕಾಕಾರರು ಪಾರಿಭಾಷಿಕ ಪದಗಳಿಗೆ ಕೊಟ್ಟಿರುವ ಮಹತ್ತ್ವವನ್ನು ಮನೆಮಾತಿನ ಪದಗಳಿಗೆ ಕೊಟ್ಟಿಲ್ಲ. ಷಟ್‌ಸ್ಥಲ, ಅಷ್ಟಾವರಣ, ಪಂಚಾಚಾರಗಳಿಗೆ ಪುಟಗಟ್ಟಲೆ ವ್ಯಾಖ್ಯಾನವುಂಟು. ತಾಯಿ, ಹಾವು, ಕಿಚ್ಚು, ವಿಷ ಮೊದಲಾದವು ‘ದೃಷ್ಟಾಂತ’ವೆಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತವೆ. ಈ ಕ್ರಮ ಎಷ್ಟರಮಟ್ಟಿಗೆ ಸರಿಯೆಂಬುದು ವಿಚಾರಾರ್ಹ.

9ನೆಯ ಶತಮಾನದ ಆನಂದವರ್ಧನನು ರಸಧ್ವನಿಯನ್ನು ‘ಅಸಂಲಕ್ಷ್ಯಕ್ರಮ’ವೆಂದು ಕರೆದನು. ಪದದ ಅರ್ಥದಿಂದ ರಸಕ್ಕೆ ಸಾಗುವ ಕ್ರಮವೊಂದು ಇದ್ದೇ ಇದೆ. ವೇಗದ ಕಾರಣ ಅದು ಅರಿವಿಗೆ ಬಾರದು. ಒಂದರ ಮೇಲೊಂದಿಟ್ಟ ನೂರು ನೈದಿಲೆಯೆಸಳುಗಳನ್ನು ಸೂಜಿಯು ಒಮ್ಮೆಗೇ ಭೇದಿಸಿದಂತೆ ತೋರುವುದು ಆಲಂಕಾರಿಕರು ಇದಕ್ಕೆ ಕೊಡುವ ನಿದರ್ಶನ.

ಆಧುನಿಕ ಮನಶ್ಶಾಸ್ತ್ರವು ಬೇರೊಂದು ದಾರಿಯಿಂದ ಈ ವಿಷಯದ ಸಮೀಪಕ್ಕೆ ಬಂದಿದೆ. ಅಕ್ಷರದ ಬಣ್ಣವನ್ನಷ್ಟೇ ಹೇಳಿರೆಂದರೂ ಓದುಗನು ಪದದ ಅರ್ಥವನ್ನು ತಡೆಯಲಾರನೆಂದು ಅಮೆರಿಕದ ಸ್ಟ್ರೂಪ್ ಎಂಬ ವಿದ್ವಾಂಸರು 1935ರಲ್ಲಿ ತೋರಿಸಿದರು. ‘ಕೆಂಪು’ ಎಂಬ ಪದವನ್ನು ಹಸಿರು ಮಸಿಯಲ್ಲಿ ಬರೆದರೆ ‘ಹಸಿರು’ ಎನ್ನಲು ನಾಲಿಗೆ ತಡವರಿಸುತ್ತದೆ. ಅನಂತರದ ಪ್ರಯೋಗಗಳಲ್ಲಿ, ಭಯಪೀಡಿತರು ತಮ್ಮ ಭಯಕ್ಕೆ ಸಂಬಂಧಿಸಿದ ಪದಗಳ ಬಣ್ಣವನ್ನು ಹೇಳಲು ಹೆಚ್ಚು ಹೊತ್ತು ತೆಗೆದುಕೊಂಡರು. ಭಾವವು ಅಪ್ಪಣೆ ಕೇಳದೆ ಒಳಹೊಗುತ್ತದೆ. ಹಾಗೆ ಒಳಹೊಕ್ಕ ಪದ ಉದಾಸೀನವಾದ ಪದಕ್ಕಿಂತ ನೆನಪಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.

2003ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆ ನಮಗೆ ಮತ್ತಷ್ಟು ಪ್ರಸ್ತುತವಾದುದು. ತುರ್ಕಿ ತಾಯ್ನುಡಿಯಾಗಿದ್ದು ತಡವಾಗಿ ಇಂಗ್ಲಿಷ್ ಕಲಿತವರಿಗೆ, ಮಕ್ಕಳನ್ನು ಗದರಿಸುವ ಮಾತುಗಳನ್ನು ಎರಡು ಭಾಷೆಗಳಲ್ಲಿಯೂ ಒದಗಿಸಿ ಚರ್ಮದ ಸ್ಪಂದನವನ್ನು ಅಳೆದರು. ತಾಯ್ನುಡಿಯ ಗದರಿಕೆಗೆ ಮೈ ಹೆಚ್ಚು ಮಿಡಿಯಿತು.

12ನೆಯ ಶತಮಾನದ ಶರಣರು ಕನ್ನಡವನ್ನೇ ಹಿಡಿದುದರ ಫಲವನ್ನು ಈ ಬೆಳಕಿನಲ್ಲಿ ನೋಡಬೇಕು. ಜನಕ್ಕೆ ತಿಳಿಯಲೆಂಬುದು ಅದರ ಒಂದು ಮುಖ. ಜನಕ್ಕೆ ನಾಟಲೆಂಬುದು ಇನ್ನೊಂದು ಮುಖ. ‘ಕಿಚ್ಚು’ ಎಂಬಲ್ಲಿ ಟೀಕಾಕಾರನು ‘ಸಂಸಾರತಾಪ’ವೆಂದು ಬರೆದರೆ ಅರ್ಥಕ್ಕೆ ಲೋಪವಿಲ್ಲ, ಸುಡುವ ಗುಣ ಮಾತ್ರ ಆರಿಹೋಗುತ್ತದೆ.

ಹಾಗೆಂದು ನಾಟಿದುದೆಲ್ಲ ತಿಳಿದಂತೆಯೂ ಅಲ್ಲ. ಭಾವತೀವ್ರವಾದುದು ನೆನಪಿನಲ್ಲಿ ನಿಲ್ಲುವಾಗ ಅದರ ಸುತ್ತಲಿನ ವಿವರಗಳು ಹಲವೊಮ್ಮೆ ಮಸುಕಾಗುತ್ತವೆಂದೂ ಪ್ರಯೋಗಗಳು ತೋರಿಸಿವೆ. ನಮ್ಮ ಸಭೆಗಳಲ್ಲಿ ವಚನದ ಒಂದು ಚುರುಕಾದ ಮಾತನ್ನಷ್ಟೇ ಉದ್ಧರಿಸಿ ಚಪ್ಪಾಳೆ ಪಡೆಯುವುದುಂಟು. ಬಸವಣ್ಣನವರ ಅದೆಷ್ಟೋ ವಚನಗಳಲ್ಲಿ ನಿಂದೆಯು ತಮ್ಮ ಮನಸ್ಸಿನ ಮೇಲೆಯೇ ತಿರುಗಿದೆ. ನಿಂದೆಯ ಪದ ನೆನಪಿನಲ್ಲಿ ಉಳಿದು, ಅದು ಆತ್ಮನಿರೀಕ್ಷಣೆಯ ಮಾತೆಂಬುದು ಮರೆತಾಗ, ಅದೇ ವಚನ ಪರನಿಂದೆಯ ಆಯುಧವಾಗುತ್ತದೆ. ಶರಣರ ಮಾತಿಗೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ.

ಆದ್ದರಿಂದ ವಚನಟೀಕೆಯ ಹೊಣೆ ಎರಡು ಬಗೆಯದು: ಪದದ ಬಿಸಿಯನ್ನು ಆರಗೊಡದಿರುವುದು, ಆ ಬಿಸಿ ಯಾರತ್ತ ತಿರುಗಿದೆಯೆಂಬುದನ್ನು ಕಾಣಿಸುವುದು. ಅಭ್ಯಾಸಿಗಳು ವಚನವನ್ನು ಅಂಕಿತದವರೆಗೂ ಗಟ್ಟಿಯಾಗಿ ಓದಿ, ಅನಂತರ ಟೀಕೆಯನ್ನು ನೋಡುವುದು ಲೇಸು.