ಸದ್ದು ಹುಟ್ಟುವ ಜಾಗ: ಹಳೆಯ ಯೆಜ್ಡಿಗಳ ದೋಷಪತ್ತೆಯ ಒಂದು ವಿಮರ್ಶೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಜಾವಾ ಹೆಸರಿನಲ್ಲಿಯೂ 1973ರಿಂದ ಯೆಜ್ಡಿ ಹೆಸರಿನಲ್ಲಿಯೂ ತಯಾರಿಸಿದ 250 ಸಿ.ಸಿ.ಯ ಟೂ-ಸ್ಟ್ರೋಕ್ ಮೋಟಾರ್ ಸೈಕಲ್ಲುಗಳು, ಕಾರ್ಖಾನೆ 1996ರಲ್ಲಿ ಮುಚ್ಚಿಹೋದ ಮೇಲೂ ಮಲೆನಾಡಿನ ರಸ್ತೆಗಳಿಂದ ಮರೆಯಾಗಿಲ್ಲ. ಇವುಗಳನ್ನು ಗ್ಯಾರೇಜಿಗೆ ತರುವವರ ದೂರುಗಳು ಮುಖ್ಯವಾಗಿ ಎರಡು: ಸೈಲೆನ್ಸರಿನಲ್ಲಿ ‘ಢಂ’ ಎಂದು ಹೊಡೆಯುವ ಬ್ಯಾಕ್‌ಫೈರ್ ಮತ್ತು ಏರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದರೂ ಪಿಕಪ್ ಸಿಗದಿರುವುದು. ಸೊರಬದಿಂದ ಚಂದ್ರಗುತ್ತಿಯ ಮೂಲಕ ಸಿದ್ದಾಪುರದ ಕಡೆಗೆ ಸಾಗುವಂಥ ಏರಿಳಿತದ, ಮಳೆಗಾಲವಿಡೀ ತೇವ ಆರದ ದಾರಿಯಲ್ಲಿ ಈ ಎರಡೂ ಬೇಗ ಎದ್ದು ಕಾಣುತ್ತವೆ.

ದೂರು ಕಿವಿಗೆ ಬಿದ್ದೊಡನೆ ಕಾರ್ಬುರೇಟರ್ ಬಿಚ್ಚುವುದು ರೂಢಿಯಾಗಿಬಿಟ್ಟಿದೆ. ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಎಂಜಿನ್ನಿಗೆ ಕೊಡುವ ಈ ಭಾಗವನ್ನು ಕಳಚುವುದು ಸುಲಭ, ಅದರ ಜೆಟ್ಟುಗಳಲ್ಲಿ, ಎಂದರೆ ಪೆಟ್ರೋಲ್ ಹಾಯುವ ಸಣ್ಣ ರಂಧ್ರಗಳಲ್ಲಿ, ಕಸ ಸಿಗುವುದೂ ಸಾಮಾನ್ಯ. ಹಾಗಾಗಿ ರೂಢಿಗೆ ಕಾರಣವಿಲ್ಲವೆನ್ನಲಾಗದು. ಆದರೆ ದೋಷಪತ್ತೆಯ ದೃಷ್ಟಿಯಿಂದ ಇದು ಹಾನಿಕರ, ಏಕೆಂದರೆ ಗಾಳಿಯ ಪ್ರಮಾಣವನ್ನು ಹೊಂದಿಸುವ ಏರ್ ಸ್ಕ್ರೂ ಒಮ್ಮೆ ತಿರುಗಿತೆಂದರೆ ಗಾಡಿ ಯಾವ ಸ್ಥಿತಿಯಲ್ಲಿ ಕೆಟ್ಟಿತ್ತೆಂಬ ಸಾಕ್ಷ್ಯವೇ ಅಳಿಸಿಹೋಗುತ್ತದೆ.

ಮೊದಲು ಗಮನಿಸಬೇಕಾದುದು ಸದ್ದು ಎಲ್ಲಿ ಹುಟ್ಟುತ್ತಿದೆ ಎಂಬುದನ್ನು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದು ಸುತ್ತಿನ ಕಿಡಿ ತಪ್ಪಿದರೆ ಉರಿಯದ ಮಿಶ್ರಣ ನೇರವಾಗಿ ಸೈಲೆನ್ಸರಿಗೆ ಹೋಗಿ ತುಂಬಿಕೊಳ್ಳುತ್ತದೆ, ಮುಂದಿನ ಸುತ್ತಿನ ಬಿಸಿ ಹೊಗೆ ಅದಕ್ಕೆ ಬೆಂಕಿ ಮುಟ್ಟಿಸುತ್ತದೆ. ಸದ್ದು ಕಾರ್ಬುರೇಟರಿನ ಬಾಯಿಯಿಂದ ಬಂದರೆ ಮಾತ್ರ ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾದ ತೆಳು ಮಿಶ್ರಣವನ್ನೋ, ಕಿಡಿ ತೀರ ಮುಂಚಿತವಾಗಿ ಬೀಳುವ ಟೈಮಿಂಗ್ ದೋಷವನ್ನೋ ಶಂಕಿಸಬೇಕು. ಹೀಗಾಗಿ ಸೈಲೆನ್ಸರಿನ ಸದ್ದಿಗೆ ಕಾರ್ಬುರೇಟರ್ ತೊಳೆಯುವುದು ಬಹುಪಾಲು ವ್ಯರ್ಥ ಶ್ರಮ.

ಕಿಡಿಯ ಮೂಲ ಬಲಬದಿಯ ಮುಚ್ಚಳದೊಳಗಿದೆ. ಹಳೆಯ ಮಾದರಿಗಳಲ್ಲಿ 6 ವೋಲ್ಟಿನ ಬ್ಯಾಟರಿಯ ವಿದ್ಯುತ್ತನ್ನು ಪಾಯಿಂಟ್ ಎಂಬ ಪುಟ್ಟ ಲೋಹದ ಜೋಡಿ ಕಡಿದು ಕೂಡಿಸುತ್ತದೆ, ಆ ಜೋಡಿ ಸುಟ್ಟುಹೋಗದಂತೆ ಕಂಡೆನ್ಸರ್ ಕಾಯುತ್ತದೆ. ಮುಚ್ಚಳ ತೆಗೆದು ಎಂಜಿನ್ ಓಡಿಸಿದಾಗ ಪಾಯಿಂಟಿನ ನಡುವೆಯೇ ದಪ್ಪ ನೀಲಿ ಕಿಡಿ ಹಾರುತ್ತಿದ್ದರೆ, ಪ್ಲಗ್ಗಿನ ಕಿಡಿ ಬಡವಾಗಿದ್ದರೆ, ಕಂಡೆನ್ಸರ್ ಸತ್ತಿದೆಯೆಂದೇ ತಿಳಿಯಬೇಕು. ತಣ್ಣಗಿರುವಾಗ ಸಲೀಸಾಗಿ ಸ್ಟಾರ್ಟ್ ಆಗಿ, ಏರು ಹತ್ತಿ ಬಿಸಿಯಾದ ಮೇಲೆ ಮಿಸ್ಸಿಂಗ್ ಹೊಡೆಯುವ ಗಾಡಿಯಲ್ಲಿ ಇದೇ ಮೊದಲ ಅಪರಾಧಿ. ಹೆಡ್‌ಲೈಟ್ ಹಾಕಿದಾಗ ಮಾತ್ರ ಮಿಸ್ಸಿಂಗ್ ಬರುವುದಾದರೆ ಬ್ಯಾಟರಿ ಅಥವಾ ಡೈನಮೋ ದುರ್ಬಲವಾಗಿದೆಯೆಂದು ಊಹಿಸಬಹುದು. ಮಳೆಗಾಲದಲ್ಲಿ ಮುಚ್ಚಳದೊಳಗೆ ತೇವ ಕಟ್ಟುವುದನ್ನು ಮುಚ್ಚಳ ತೆಗೆದಾಗಲೂ ಪ್ಲಗ್ ವೈರಿನ ಬಿರುಕುಗಳಿಂದ ಕಿಡಿ ಸೋರುವುದನ್ನು ಕತ್ತಲಲ್ಲಿ ನೋಡಿದಾಗಲೂ ಕಣ್ಣಾರೆ ಕಾಣಬಹುದು. ಹಣ ಖರ್ಚಾಗದ ಈ ಪರೀಕ್ಷೆಯನ್ನು ಬಿಟ್ಟು ಜೆಟ್ ಬದಲಿಸುವುದು ಒಪ್ಪತಕ್ಕ ಮಾತಲ್ಲ.

ಪ್ಲಗ್ಗಿನ ಬಣ್ಣ ನೋಡಿ ಮಿಶ್ರಣವನ್ನು ಅಳೆಯುವ ನಮ್ಮ ಮೇಸ್ತ್ರಿಗಳ ಕೌಶಲ ನಿಜಕ್ಕೂ ಹೆಮ್ಮೆಪಡತಕ್ಕದ್ದು. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚು, ಬೂದಿಬಿಳಿಯಾಗಿದ್ದರೆ ಗಾಳಿ ಹೆಚ್ಚು. ಆದರೆ ಗ್ಯಾರೇಜಿನ ಬಾಗಿಲವರೆಗೆ ನಿಧಾನವಾಗಿ ಬಂದು ನಿಂತ ಗಾಡಿಯ ಪ್ಲಗ್, ಏರಿನಲ್ಲಿ ಏನಾಯಿತೆಂಬುದನ್ನು ಹೇಳುವುದಿಲ್ಲ. ಪೂರ್ಣ ಆಕ್ಸಿಲರೇಟರಿನಲ್ಲಿ ಓಡಿಸಿ, ಕ್ಲಚ್ ಹಿಡಿದು, ಕೂಡಲೇ ಎಂಜಿನ್ ಆರಿಸಿ ನೋಡಿದ ಬಣ್ಣವಷ್ಟೇ ನಂಬಲರ್ಹ.

ಪಿಕಪ್ ಇಲ್ಲದಿರುವುದಕ್ಕೆ ಸೈಲೆನ್ಸರಿನೊಳಗೆ ಕಟ್ಟಿದ ಕಾರ್ಬನ್ ಕೂಡ ಸಾಕು. ಇದನ್ನು ಮೇಸ್ತ್ರಿಗಳು ಬಲ್ಲರು. ಅವರ ಕಣ್ಣುತಪ್ಪುವುದು ಕ್ರ್ಯಾಂಕಿನ ಎರಡು ತುದಿಗಳಲ್ಲಿ ಕೂತ ರಬ್ಬರ್ ಸೀಲುಗಳು. ಎಡಬದಿಯ ಸೀಲ್ ಹೋದರೆ ಕ್ಲಚ್ ಕಡೆಯ ಆಯಿಲನ್ನು ಎಂಜಿನ್ ಸೇದಿ ದಟ್ಟ ಹೊಗೆ ಉಗುಳುತ್ತದೆ; ಬಲಬದಿಯ ಸೀಲ್ ಹೋದರೆ ಹೊಗೆಯಿಲ್ಲ, ಡೈನಮೋ ಕಡೆಯಿಂದ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಕ್ಷಣ ಇಳಿಯದೆ ಹಾರುತ್ತಲೇ ಇರುತ್ತದೆ.

ಇದಕ್ಕೆ ಈಚಿನ ಪೆಟ್ರೋಲ್ ಮತ್ತೊಂದು ತೊಡಕನ್ನು ಸೇರಿಸಿದೆ. ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಶುದ್ಧ ಪೆಟ್ರೋಲ್ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕಾದರೆ ಎಥನಾಲಿಗೆ 9 ಪಾಲು ಸಾಕು. ಆದ್ದರಿಂದ ಹಳೆಯ ಅಳತೆಯ ಜೆಟ್ ಉಳಿಸಿಕೊಂಡ ಎಂಜಿನ್ ತಾನಾಗಿಯೇ ತೆಳು ಮಿಶ್ರಣದಲ್ಲಿ ಓಡುತ್ತದೆ. ಎಥನಾಲ್ ತೇವವನ್ನು ಹೀರುವುದರಿಂದ, ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು, ಕಾಕ್ ತೆರೆದಾಗ ಮೊದಲು ಅದೇ ಕಾರ್ಬುರೇಟರಿಗೆ ಇಳಿಯಬಹುದು.

ಸೀಲಿನ ಸೋರಿಕೆಯೂ ಎಥನಾಲೂ ಪ್ಲಗ್ಗನ್ನು ಒಂದೇ ರೀತಿ ಬಿಳಿಯಾಗಿಸುವುದರಿಂದ ದೊಡ್ಡ ಜೆಟ್ ಹಾಕುವ ಮುನ್ನ ಎರಡನ್ನೂ ಬೇರ್ಪಡಿಸಿ ನೋಡಲೇಬೇಕು. ಚೋಕ್ ಅರ್ಧ ಎಳೆದಾಗ ಎಂಜಿನ್ ಸುಧಾರಿಸಿದರೆ ಮಿಶ್ರಣ ತೆಳುವಾಗಿದೆಯೆಂಬುದು ಖಚಿತ, ಆದರೆ ಕಾರಣ ಖಚಿತವಲ್ಲ. ಬಿಟ್ಟ ಆಕ್ಸಿಲರೇಟರಿಗೆ ಎಂಜಿನ್ ಸರಿಯಾಗಿ ಇಳಿಯುತ್ತಿದ್ದರೆ ಜೆಟ್ಟಿನ ಕಡೆಗೂ, ಹಾರುತ್ತಿದ್ದರೆ ಬಲಬದಿಯ ಸೀಲಿನ ಕಡೆಗೂ ಮೇಸ್ತ್ರಿಯ ಕೈ ಹೋಗಬೇಕು.