ಲೆಡ್ಲಿ ಕಿಂಗ್‌ನ ಮೊಳಕಾಲು ಮತ್ತು ನಿಷ್ಠೆಯೆಂಬ ಮಾತು

ಲೆಡ್ಲಿ ಕಿಂಗ್ ಲಂಡನ್ನಿನ ಟಾಟೆನ್‌ಹ್ಯಾಮ್ ಹಾಟ್‌ಸ್ಪರ್ ಕ್ಲಬ್ಬಿನ ಡಿಫೆಂಡರ್. 1999ರ ಮೇ ತಿಂಗಳಲ್ಲಿ ಮೊದಲ ಪಂದ್ಯ ಆಡಿದ, 2012ರಲ್ಲಿ ನಿವೃತ್ತನಾದ. ನಡುವೆ ಬೇರೆ ಯಾವ ಕ್ಲಬ್ಬಿನ ಅಂಗಿಯನ್ನೂ ತೊಡಲಿಲ್ಲ. ಆ ಹದಿನಾಲ್ಕು ಋತುಗಳಲ್ಲಿ ಕ್ಲಬ್ 532 ಲೀಗ್ ಪಂದ್ಯಗಳನ್ನು ಆಡಿತು. ಅವನು ಆಡಿದ್ದು 268, ಹೆಚ್ಚುಕಡಿಮೆ ಅರ್ಧ. ಮೊದಲ ಒಂದೆರಡು ವರ್ಷ ಅವನಿನ್ನೂ ಹುಡುಗ. ಆಮೇಲಿನ ಗೈರುಹಾಜರಿಗೆ ಹೆಚ್ಚಿನ ಕಾರಣ ಗಾಯ, ಅದರಲ್ಲೂ ಎಡ ಮೊಳಕಾಲು. ಎಲುಬುಗಳ ನಡುವೆ ಮೆತ್ತೆಯಂತಿರಬೇಕಾದ ಮೃದ್ವಸ್ಥಿ ಅಲ್ಲಿ ಸವೆದುಹೋಗಿತ್ತು.

ಇಂಥ ಆಟಗಾರನ ಬಗ್ಗೆ ಬರೆಯುವಾಗ ಎರಡು ಸಿದ್ಧ ಕಥೆಗಳು ಕೈಗೆ ಸಿಗುತ್ತವೆ. ಒಂದು, 'ಕಾಲು ನೆಟ್ಟಗಿದ್ದಿದ್ದರೆ' ಎಂಬ ಹಳಹಳಿಕೆ. ಇನ್ನೊಂದು, ನೋವು ನುಂಗಿಕೊಂಡು ತಂಡಕ್ಕಾಗಿ ದೇಹ ಸವೆಸಿದ ಎಂಬ ತ್ಯಾಗದ ಕಥೆ. ಎರಡೂ ಕಣ್ಣು ಒದ್ದೆ ಮಾಡುತ್ತವೆ. ಆದರೆ ಎರಡರಲ್ಲೂ ಕಿಂಗ್ ಆಡಿದ ಆಟವೇ ಕಾಣುವುದಿಲ್ಲ ಎಂಬುದು ನನ್ನ ತಕರಾರು.

ಮೊದಲನೆಯ ಕಥೆ ಆಗದೇ ಹೋದದ್ದನ್ನು ಅಳೆಯುತ್ತದೆ. 2006ರ ವಿಶ್ವಕಪ್ಪಿಗೆ ಮುರಿದ ಪಾದದಿಂದಾಗಿ ಹೋಗಲಾಗಲಿಲ್ಲ. 2010ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದವನು ಅಮೆರಿಕದ ವಿರುದ್ಧದ ಮೊದಲ ಪಂದ್ಯದ ಅರ್ಧಕ್ಕೇ ತೊಡೆಸಂದಿನ ನೋವಿನಿಂದ ಹೊರಬಂದ. ಇಂಗ್ಲೆಂಡಿಗೆ ಒಟ್ಟು ಆಡಿದ್ದು 21 ಪಂದ್ಯ. ಈ ಪಟ್ಟಿ ಸುಳ್ಳಲ್ಲ. ಆದರೆ ಆಡಿದ ಪಂದ್ಯಗಳಲ್ಲಿ ಏನಿತ್ತು? 2006ರ ನವೆಂಬರಿನಲ್ಲಿ ಚೆಲ್ಸಿಯ ಅರ್ಯೆನ್ ರಾಬೆನ್ ಚೆಂಡಿನೊಂದಿಗೆ ಗೋಲಿನತ್ತ ನುಗ್ಗಿದಾಗ ಕಿಂಗ್ ಹಿಂದಿನಿಂದ ಓಡಿಬಂದು, ಫೌಲ್ ಮಾಡದೆ, ಚೆಂಡನ್ನಷ್ಟೇ ಕಸಿದುಕೊಂಡ. ಆ ದಿನ ಅವನ ತಂಡ 2-1ರಿಂದ ಗೆದ್ದಿತು. ಡಿಫೆಂಡರನ ಕಲೆಯೆಂದರೆ ಇದು: ಆಗಬೇಕಿದ್ದ ಗೋಲು ಆಗದಂತೆ ನೋಡಿಕೊಳ್ಳುವುದು. ಸ್ಕೋರುಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಎರಡನೆಯ ಕಥೆಯ ಹಿಂದೆ ಇನ್ನೊಬ್ಬನ ನೆರಳಿದೆ. 2001ರಲ್ಲಿ ತಂಡದ ನಾಯಕ ಸೋಲ್ ಕ್ಯಾಂಪ್‌ಬೆಲ್ ಒಪ್ಪಂದ ಮುಗಿಸಿಕೊಂಡು, ಕ್ಲಬ್ಬಿಗೆ ಬಿಡಿಗಾಸೂ ಬರದಂತೆ, ಎದುರಾಳಿ ಆರ್ಸೆನಲ್ ಸೇರಿದ. ಅದೇ ಜಾಗದಲ್ಲಿ ಬೆಳೆದು ಮುಂದೆ ನಾಯಕನಾದವನು ಕಿಂಗ್. ಒಬ್ಬ ದ್ರೋಹಿಯಾದರೆ ಇನ್ನೊಬ್ಬ ನಿಷ್ಠಾವಂತನಾಗಲೇಬೇಕು. ಅಭಿಮಾನಿಗಳ ಪುರಾಣ ಹಾಗೇ ಕಟ್ಟಿಕೊಳ್ಳುತ್ತದೆ. ಆದರೆ ದೇಹ ಗಟ್ಟಿಯಿದ್ದವನು ಬಿಟ್ಟುಹೋಗುವುದಕ್ಕೂ, ಮೊಳಕಾಲು ಸವೆದವನು ಉಳಿದುಕೊಳ್ಳುವುದಕ್ಕೂ ಒಂದೇ ತಕ್ಕಡಿ ಹಿಡಿಯಬಹುದೇ? ವೈದ್ಯರ ತಪಾಸಣೆ ದಾಟದೆ ಯಾವ ದೊಡ್ಡ ಕ್ಲಬ್ಬೂ ಆಟಗಾರನನ್ನು ಕೊಳ್ಳುವುದಿಲ್ಲ. ಕಿಂಗ್‌ನ ಪ್ರೀತಿಯನ್ನು ನಾನು ಅನುಮಾನಿಸುತ್ತಿಲ್ಲ. ಕೊನೆಯ ವರ್ಷಗಳಲ್ಲಿ ಅವನ ಮುಂದಿದ್ದ ಬಾಗಿಲುಗಳು ಕಡಿಮೆಯಿದ್ದವು ಎನ್ನುತ್ತಿದ್ದೇನೆ, ಅಷ್ಟೆ.

ಹಾಗಾದರೆ ಈ ವೃತ್ತಿಜೀವನದಲ್ಲಿ ನಿಜವಾಗಿ ಮೆಚ್ಚಬೇಕಾದ್ದೇನು? ಹ್ಯಾರಿ ರೆಡ್‌ನ್ಯಾಪ್ ತರಬೇತುದಾರನಾಗಿದ್ದ ಕಾಲದಲ್ಲಿ ಕಿಂಗ್ ತಂಡದ ಜೊತೆ ಅಭ್ಯಾಸಕ್ಕೆ ಇಳಿಯುತ್ತಿರಲಿಲ್ಲ. ಉಳಿದವರು ಮೈದಾನದಲ್ಲಿ ಓಡುವಾಗ ಅವನು ಈಜುಕೊಳದಲ್ಲೋ ಜಿಮ್ಮಿನಲ್ಲೋ ಇರುತ್ತಿದ್ದ. ಒಂದು ಪಂದ್ಯ ಆಡಿದರೆ ಮೊಳಕಾಲಿನ ಬಾವು ಇಳಿಯಲು ದಿನಗಳು ಬೇಕು. ಕ್ಲಬ್ ಆ ದಿನಗಳನ್ನು ಕೊಟ್ಟಿತು. ಮೊಳಕಾಲು ತಾಳುವಷ್ಟೇ ಕೆಲಸ ಎಂದು ಒಪ್ಪಿಕೊಂಡಿತು. ನಿಷ್ಠೆ ಇಲ್ಲಿ ಎರಡೂ ಕಡೆಯಿಂದ ಇತ್ತು. ತ್ಯಾಗದ ಕಥೆ ಒಂದು ಕಡೆಯದನ್ನು ಮಾತ್ರ ಹೇಳುತ್ತದೆ.

ಈ ಒಪ್ಪಂದದ ಬೆಲೆ ಗೊತ್ತಾಗಬೇಕಾದರೆ ಶಹಾಬಾದದಂಥ ಊರಿನಿಂದ ನೋಡಬೇಕು. ನಮ್ಮ ಫರಸಿ ಎಷ್ಟೋ ಊರುಗಳ ಮನೆಯ ನೆಲವಾಗಿದೆ. ಖಣಿಯಲ್ಲಿ ಅದನ್ನು ಎಬ್ಬಿಸಿ, ಕಡಿದು, ಹೊತ್ತು ಹಾಕುವವರು ಕುಕ್ಕರುಗಾಲಲ್ಲಿ ಕುಂತು ದುಡಿಯುತ್ತಾರೆ. ಅವರ ಮೊಳಕಾಲೂ ಸವೆಯುತ್ತದೆ, ಧೂಳಿಗೆ ಪುಪ್ಪುಸವೂ ಸವೆಯುತ್ತದೆ. ದಿನಗೂಲಿಯವನು ನೋವೆಂದು ಮನೆಯಲ್ಲಿ ಕುಂತರೆ ಅಂದಿನ ಕೂಲಿ ಇಲ್ಲ. ಅವನೂ ವರ್ಷಗಟ್ಟಲೆ ಒಂದೇ ಖಣಿಯಲ್ಲಿ ಉಳಿದಿರಬಹುದು. ಅದನ್ನು ಯಾರೂ ನಿಷ್ಠೆ ಎನ್ನುವುದಿಲ್ಲ. ಒಂದೇ ಬಗೆಯ ದೇಹಕ್ಕೆ ಒಂದು ಕಡೆ ಮಹಾಕಾವ್ಯ, ಇನ್ನೊಂದು ಕಡೆ ಹಾಜರಿಪುಸ್ತಕದಲ್ಲಿ ಒಂದು ಗೈರು.

ನಮ್ಮ ಶರಣರ ಕಥೆಗಳಲ್ಲಿ ಆಯ್ದಕ್ಕಿ ಲಕ್ಕಮ್ಮ ಇದ್ದಾಳೆ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು. ಕಾಯಕವನ್ನು ನಾವು ಬರೀ ದುಡಿ, ಇನ್ನೂ ದುಡಿ ಎಂದು ಓದುತ್ತ ಬಂದಿದ್ದೇವೆ. ಲಕ್ಕಮ್ಮನ ಕಥೆಯಲ್ಲಿ ಕಾಯಕಕ್ಕೆ ಅಳತೆಯೂ ಇದೆ, 'ಸಾಕು' ಎಂಬ ಮಾತೂ ಇದೆ. ಅವಳ 'ಸಾಕು' ಗಳಿಕೆಯ ಕುರಿತದ್ದು. ಅದನ್ನು ದೇಹಕ್ಕೂ ಅನ್ವಯಿಸಿ ಓದಿದರೆ ಕಿಂಗ್‌ನ ವಾರಕ್ಕೊಂದು ಪಂದ್ಯ ಅರ್ಧ ಕೆಲಸವಾಗಿ ಕಾಣುವುದಿಲ್ಲ, ಅಳತೆ ಬಲ್ಲ ಕೆಲಸವಾಗಿ ಕಾಣುತ್ತದೆ.

ಹಾಗಾಗಿ 268 ಎಂಬ ಸಂಖ್ಯೆಯನ್ನು 532ರಿಂದ ಕಳೆದು ನಿಟ್ಟುಸಿರು ಬಿಡುವ ಓದು ನನಗೆ ಒಪ್ಪಿಗೆಯಿಲ್ಲ. ಸವೆದ ಮೊಳಕಾಲಿಗೆ ತಕ್ಕಂತೆ ಕೆಲಸವನ್ನು ಬದಲಿಸಿದರೆ ಎಷ್ಟು ಸಾಧ್ಯ ಎಂಬುದಕ್ಕೆ ಆ 268 ಸಾಕ್ಷಿ. ದುಡಿವ ಕೈಗಳನ್ನು ಹೊಗಳಿ ನಾವು ಬಹಳ ಬರೆದಿದ್ದೇವೆ. ದಣಿದ ಕಾಲಿಗೆ ಯಾರು ರಜೆ ಕೊಟ್ಟರು, ಯಾರು ಕೊಡಲಿಲ್ಲ ಎಂದು ಕೇಳುವ ವಿಮರ್ಶೆ ಇನ್ನು ಬರಬೇಕು.